ಪಿಕಪ್‌ಗೆ ಚಳಿಗಾಲದ ಟೈರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆನಡಾದಲ್ಲಿಯೂ ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೂ ನೆಲೆಸಿರುವ ಕನ್ನಡಿಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕೇಳಿವೆ. ಟೈರ್ ಸವೆದ ಮೇಲೆ ಬದಲಿಸುವುದು ಊರಿನಲ್ಲಿ ನಮಗಿದ್ದ ರೂಢಿ. ಚೆನ್ನಾಗಿರುವ ಟೈರನ್ನು ಬಿಚ್ಚಿಟ್ಟು ಋತುವಿಗೆ ತಕ್ಕಂತೆ ಬೇರೆಯದನ್ನು ಹಾಕುವುದು ಇಲ್ಲಿಗೆ ಬಂದ ಮೇಲೆ ಕಲಿಯಬೇಕಾದ ಸಂಗತಿ. ಅದರಲ್ಲೂ ಪಿಕಪ್ ಕೊಂಡವರಿಗೆ ಕಾರಿನವರಿಗಿಲ್ಲದ ಕೆಲವು ಪ್ರಶ್ನೆಗಳು ಎದುರಾಗುತ್ತವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಬೇಸಿಗೆಯಲ್ಲಿ ಫೋರ್ಡ್ ಎಫ್-150 ಪಿಕಪ್ ಕೊಂಡೆ. ಅದಕ್ಕೆ ಫೋರ್-ವ್ಹೀಲ್ ಡ್ರೈವ್ ಇದೆ. ಜೊತೆಗೆ ಬಂದಿರುವ ಆಲ್-ಸೀಸನ್ ಟೈರ್‌ಗಳ ಮೇಲೆ ‘ಎಂ+ಎಸ್’ ಎಂಬ ಅಚ್ಚೂ ಇದೆ. ಹೀಗಿರುವಾಗ ಮತ್ತೆ ಅಷ್ಟು ಹಣ ಸುರಿದು ಚಳಿಗಾಲಕ್ಕೆಂದೇ ಬೇರೆ ಟೈರ್ ಹಾಕಿಸಬೇಕೇ? ಸಹೋದ್ಯೋಗಿಗಳು ಬೇಡ ಎನ್ನುತ್ತಾರೆ, ಮನೆಯವರು ಬೇಕು ಎನ್ನುತ್ತಾರೆ. — ಓದುಗರೊಬ್ಬರು, ಕ್ಯಾಲ್ಗರಿ

ಉತ್ತರ: ಮನೆಯವರ ಮಾತು ಸರಿಯಾಗಿದೆ. ಫೋರ್-ವ್ಹೀಲ್ ಡ್ರೈವ್ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ. ಹಿಮದಲ್ಲಿ ಹೂತ ಗಾಡಿ ಹೊರಬರಲು, ಏರು ಹತ್ತಲು, ಸಿಗ್ನಲ್ಲಿನಲ್ಲಿ ಜಾರದೆ ಹೊರಡಲು ಅದರಿಂದ ನಿಜವಾದ ಪ್ರಯೋಜನವಿದೆ. ಆದರೆ ಬ್ರೇಕ್ ಒತ್ತಿದಾಗ ಅದು ಮಾಡುವುದು ಏನೂ ಇಲ್ಲ. ಬ್ರೇಕುಗಳು ಎಲ್ಲ ವಾಹನಗಳಲ್ಲಿಯೂ ನಾಲ್ಕು ಚಕ್ರಗಳ ಮೇಲೆಯೇ ಕೆಲಸ ಮಾಡುತ್ತವೆ, ಮತ್ತು ಗಾಡಿ ನಿಲ್ಲುವುದೋ ಜಾರುತ್ತಾ ಹೋಗುವುದೋ ಎಂಬುದು ನೆಲಕ್ಕೆ ತಾಗಿರುವ ಅಂಗೈಯಗಲಕ್ಕಿಂತ ತುಸು ದೊಡ್ಡದಾದ ನಾಲ್ಕು ರಬ್ಬರ್ ತುಣುಕುಗಳ ಹಿಡಿತಕ್ಕೆ ಬಿಟ್ಟದ್ದು. ಸುಲಭವಾಗಿ ಹೊರಟ ಗಾಡಿ ಸುಲಭವಾಗಿ ನಿಲ್ಲುತ್ತದೆ ಎಂಬ ತಪ್ಪು ಧೈರ್ಯವನ್ನು ಫೋರ್-ವ್ಹೀಲ್ ಡ್ರೈವ್ ಹುಟ್ಟಿಸುತ್ತದೆ ಎಂಬುದೇ ನನಗೆ ಹೆಚ್ಚು ಆತಂಕ ತರುವ ವಿಷಯ.

ಒಂದು ಲೆಕ್ಕ ಮಾಡಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮಂಜುಗಡ್ಡೆಯ ಮೇಲೆ ಹೋಗುತ್ತಿರುವಾಗ ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.10 ಇದ್ದರೆ, ಬ್ರೇಕ್ ಒತ್ತಿದ ಮೇಲೆ ವಾಹನ ನಿಲ್ಲಲು ಸುಮಾರು 98 ಮೀಟರ್ ಬೇಕು. ಘರ್ಷಣಾಂಕ 0.15ಕ್ಕೆ ಏರಿದರೆ ಅದೇ ದೂರ ಸುಮಾರು 66 ಮೀಟರಿಗೆ ಇಳಿಯುತ್ತದೆ. ಕಾಗದದ ಮೇಲೆ ಅತಿ ಸಣ್ಣದಾಗಿ ಕಾಣುವ ವ್ಯತ್ಯಾಸ ರಸ್ತೆಯಲ್ಲಿ 30 ಮೀಟರಿಗೂ ಹೆಚ್ಚಾಗುತ್ತದೆ, ಮತ್ತು ಆ ದೂರದೊಳಗೆ ಒಂದು ಇಡೀ ರಸ್ತೆಕೂಡು ಇರಬಹುದು. ಈ ಲೆಕ್ಕದಲ್ಲಿ ವಾಹನದ ತೂಕ ಎಲ್ಲಿಯೂ ಬರುವುದಿಲ್ಲ ಎಂಬುದನ್ನೂ ಗಮನಿಸಿ. ‘ಭಾರವಾದ ಗಾಡಿ ನೆಲವನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ’ ಎಂಬ ನಂಬಿಕೆ ಪಿಕಪ್ ಓಡಿಸುವವರಲ್ಲಿ ವ್ಯಾಪಕವಾಗಿದೆ. ಭಾರ ಹೆಚ್ಚಿದಂತೆ ಹಿಡಿತ ಎಷ್ಟು ಹೆಚ್ಚುತ್ತದೆಯೋ ನಿಲ್ಲಿಸಬೇಕಾದ ರಭಸವೂ ಅಷ್ಟೇ ಹೆಚ್ಚುವುದರಿಂದ ಅದು ಲಾಭವಾಗುವುದಿಲ್ಲ.

ಹಿಡಿತದ ವ್ಯತ್ಯಾಸ ಬರುವುದು ಮುಖ್ಯವಾಗಿ ರಬ್ಬರಿನಿಂದ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಬೇಸಿಗೆಯ ಮತ್ತು ಆಲ್-ಸೀಸನ್ ಟೈರ್‌ಗಳ ರಬ್ಬರ್ ಗಡುಸಾಗುತ್ತಾ ಹೋಗುತ್ತದೆ, ರಸ್ತೆಯ ಸಣ್ಣ ಏರಿಳಿತಗಳಿಗೆ ಒಗ್ಗಿಕೊಂಡು ಕೂರುವ ಗುಣವನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮಿಶ್ರಣವನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೂ ಮೆದುವಾಗಿ ಉಳಿಯುವಂತೆ ತಯಾರಿಸಿರುತ್ತಾರೆ. ಅದರ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಹೊರಮೈಯ, ಪ್ರತಿಯೊಂದು ಕಟ್ಟಿನ ಮೇಲೂ ಸೈಪ್ ಎಂದು ಕರೆಯುವ ಕೂದಲೆಳೆಯಂಥ ಸೀಳುಗಳು ದಟ್ಟವಾಗಿರುತ್ತವೆ. ಗಾಡಿ ಉರುಳುವಾಗ ಅವು ಬಾಯಿಬಿಟ್ಟು ನೂರಾರು ಹೊಸ ಅಂಚುಗಳನ್ನು ಒದಗಿಸುತ್ತವೆ, ಮಂಜುಗಡ್ಡೆಯ ಮೇಲಿನ ತೆಳುವಾದ ನೀರಿನ ಪದರವನ್ನು ಹೀರಿಕೊಳ್ಳುತ್ತವೆ.

ಈ ನೀರಿನ ಪದರದ ವಿಚಾರ ಕ್ಯಾಲ್ಗರಿಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಕಡುಚಳಿಯಲ್ಲಿ ಅಲ್ಲ, ಸೊನ್ನೆಯ ಆಸುಪಾಸಿನಲ್ಲಿ. ಆಗ ಅದರ ಮೇಲ್ಮೈ ಒದ್ದೆಯಾಗಿರುತ್ತದೆ. ರಾಕಿ ಪರ್ವತಗಳಿಂದ ಇಳಿದು ಬರುವ ಚಿನೂಕ್ ಗಾಳಿ ನಿಮ್ಮ ಊರಿನ ಉಷ್ಣಾಂಶವನ್ನು ಕೆಲವೇ ಗಂಟೆಗಳಲ್ಲಿ ಸೊನ್ನೆಯಿಂದ ಮೇಲಕ್ಕೆತ್ತುತ್ತದೆ, ಹಿಮ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಗಿನ ಆ ರಸ್ತೆಗಾಗಿಯೇ ಟೈರ್ ಆರಿಸಬೇಕು.

ಇನ್ನು ‘ಎಂ+ಎಸ್’ ಗುರುತು. ಅದು ಇಂಗ್ಲಿಷಿನ ‘ಮಡ್ ಆ್ಯಂಡ್ ಸ್ನೋ’, ಅಂದರೆ ಕೆಸರು ಮತ್ತು ಹಿಮ ಎಂಬುದರ ಸಂಕ್ಷೇಪ. ಟ್ರೆಡ್ಡಿನ ವಿನ್ಯಾಸದ ಆಕಾರವನ್ನು ನೋಡಿ ಕೊಟ್ಟ ಗುರುತೇ ಹೊರತು ಹಿಮದಲ್ಲಿ ಓಡಿಸಿ ಪರೀಕ್ಷಿಸಿ ಕೊಟ್ಟದ್ದಲ್ಲ. ನೀವು ಹುಡುಕಬೇಕಾದದ್ದು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಚಿತ್ರವನ್ನು. ಅಮೆರಿಕ ಮತ್ತು ಕೆನಡಾದ ರಬ್ಬರ್ ಉದ್ಯಮ ಸಂಘಗಳು 1999ರಲ್ಲಿ ಜಾರಿಗೆ ತಂದ ಈ ಚಿಹ್ನೆ ಸಿಗಬೇಕಾದರೆ, ಗಟ್ಟಿಯಾಗಿ ತುಳಿದ ಹಿಮದ ಮೇಲೆ ಆ ಟೈರು ಮಾನಕ ಟೈರಿಗಿಂತ ಕನಿಷ್ಠ 10 ಶೇಕಡಾ ಹೆಚ್ಚು ಎಳೆತವನ್ನು ತೋರಿಸಬೇಕು.

ಖರ್ಚಿನ ಬಗ್ಗೆ ಒಂದು ಮಾತು. ಚಳಿಗಾಲದ ಟೈರ್ ಓಡುವ ಐದಾರು ತಿಂಗಳು ನಿಮ್ಮ ಆಲ್-ಸೀಸನ್ ಟೈರ್ ಸವೆಯುವುದಿಲ್ಲ. ಎರಡು ಜೊತೆಗಳು ಸೇರಿ ಎರಡರಷ್ಟು ಕಾಲ ಬಾಳುತ್ತವೆ. ನಿಜವಾಗಿ ಹೆಚ್ಚುವರಿಯಾಗುವುದು ರಿಮ್‌ಗಳ ಬೆಲೆ ಮತ್ತು ವರ್ಷಕ್ಕೆ ಎರಡು ಬಾರಿ ಬದಲಿಸುವ ಕೂಲಿ.

ಪ್ರಶ್ನೆ: ಮನೆಗಳ ಒಳಾಂಗಣ ಕೆಲಸ ಮಾಡಿಸುವ ಗುತ್ತಿಗೆದಾರ ನಾನು. ಶೆವ್ರೊಲೆ ಸಿಲ್ವರಾಡೊ 1500 ಪಿಕಪ್ಪಿನಲ್ಲಿ ಸದಾ ಸುಮಾರು 250 ಕಿಲೋ ಸಲಕರಣೆ ಇರುತ್ತದೆ. ತಿಂಗಳಿಗೆ ಕೆಲವು ದಿನ 2,000 ಕಿಲೋ ತೂಕದ ಟ್ರೈಲರ್ ಎಳೆಯುತ್ತೇನೆ. ಅಂಗಡಿಯವರು ‘ಹತ್ತು ಪ್ಲೈ’ಯ ಎಲ್‌ಟಿ ಟೈರನ್ನೇ ಹಾಕಿಸಿ, ಲಾರಿ ಕೆಲಸಕ್ಕೆ ಅದೇ ಸರಿ ಎನ್ನುತ್ತಾರೆ. ಹೌದೇ? — ಓದುಗರೊಬ್ಬರು, ಎಡ್ಮಂಟನ್

ಉತ್ತರ: ಪಿಕಪ್‌ಗೆ ಟೈರ್ ಆರಿಸುವಾಗ ಜನ ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಿಕಪ್‌ಗೆ ಹೊಂದುವ ಟೈರ್‌ಗಳಲ್ಲಿ ಎರಡು ವರ್ಗಗಳಿವೆ. ಒಂದು ಕಾರಿನ ವರ್ಗದ್ದು. ಅಳತೆಯ ಮುಂದೆ ‘ಪಿ’ ಅಕ್ಷರ ಇರಬಹುದು ಅಥವಾ ಯಾವ ಅಕ್ಷರವೂ ಇಲ್ಲದಿರಬಹುದು. ಇನ್ನೊಂದು ‘ಎಲ್‌ಟಿ’, ಅಂದರೆ ಹಗುರ ಟ್ರಕ್ಕಿನ ವರ್ಗದ್ದು. ಎಲ್‌ಟಿ ಟೈರಿನ ಮೇಲೆ ಭಾರದ ಶ್ರೇಣಿಯನ್ನು ಸೂಚಿಸುವ ಅಕ್ಷರವಿರುತ್ತದೆ: ‘ಸಿ’ ಎಂದರೆ ಹೆಚ್ಚೆಂದರೆ 50 ಪಿಎಸ್‌ಐ ಗಾಳಿ, ‘ಡಿ’ ಎಂದರೆ 65, ‘ಇ’ ಎಂದರೆ 80. ಇದೇ ‘ಇ’ ಶ್ರೇಣಿಯನ್ನು ಅಂಗಡಿಯವರು ಹತ್ತು ಪ್ಲೈ ಎನ್ನುತ್ತಾರೆ. ಟೈರಿನ ಒಳಗೆ ನಿಜವಾಗಿ ಹತ್ತು ಪದರಗಳಿರುವುದಿಲ್ಲ. ಹಳೆಯ ಕಾಲದ ಹತ್ತು ಹತ್ತಿಬಟ್ಟೆ ಪದರಗಳ ಟೈರಿಗೆ ಸಮನಾದ ಬಲ ಎಂಬುದಷ್ಟೇ ಅದರ ಅರ್ಥ.

ನಿಮ್ಮ ಗಾಡಿಗೆ ಎಷ್ಟು ಬಲ ಬೇಕು ಎಂಬುದನ್ನು ಅಂಗಡಿಯವರ ಮಾತಿನಿಂದಲ್ಲ, ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಿಂದ ತಿಳಿಯಬೇಕು. ಅದರಲ್ಲಿ ಮೂಲ ಟೈರಿನ ಅಳತೆ, ತುಂಬಬೇಕಾದ ಗಾಳಿ, ಜನ ಮತ್ತು ಸಾಮಾನು ಸೇರಿ ಮೀರಬಾರದ ತೂಕ, ಮುಂದಿನ ಮತ್ತು ಹಿಂದಿನ ಅಚ್ಚುಗಳ (ಆಕ್ಸಲ್‌ಗಳ) ಭಾರದ ಮಿತಿ ಎಲ್ಲವೂ ಇವೆ. ಉದಾಹರಣೆಗೆ ಆ ತೂಕ 750 ಕಿಲೋ ಎಂದಿಟ್ಟುಕೊಳ್ಳಿ. ನೀವು ಮತ್ತು ಸಹಾಯಕ ಸೇರಿ 160, ಸಲಕರಣೆ 250. ಟ್ರೈಲರಿನ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಕೊಂಡಿಯ ಮೂಲಕ ಗಾಡಿಯ ಮೇಲೆಯೇ ಬೀಳುವುದರಿಂದ ಅಲ್ಲಿಂದ 200ರಿಂದ 300 ಕಿಲೋ. ಮೊತ್ತ 610ರಿಂದ 710. ಮಿತಿಗೆ ಹತ್ತಿರವಾದರೂ ಒಳಗೇ ಇದೆ. ಇನ್ನು ಟೈರ್: 265/65 ಆರ್ 18 ಅಳತೆಯ (ಅಗಲ 265 ಮಿಲಿಮೀಟರ್, ಪಕ್ಕದ ಎತ್ತರ ಅಗಲದ 65 ಶೇಕಡಾ, ರಿಮ್ 18 ಇಂಚು) ಕಾರಿನ ವರ್ಗದ ಟೈರಿಗೆ ಭಾರಸೂಚಿ 114, ಅಂದರೆ ಒಂದು ಟೈರು ಹೊರಬಲ್ಲದ್ದು 1,180 ಕಿಲೋ. ಈ ವರ್ಗದ ಟೈರನ್ನು ಪಿಕಪ್ಪಿನಲ್ಲಿ ಬಳಸುವಾಗ ಆ ಸಂಖ್ಯೆಯನ್ನು 1.1ರಿಂದ ಭಾಗಿಸಬೇಕೆಂಬ ನಿಯಮವಿದೆ. ಭಾಗಿಸಿದರೆ ಸುಮಾರು 1,073. ಹಿಂದಿನ ಎರಡು ಟೈರ್ ಸೇರಿ 2,145 ಕಿಲೋ ಹೊರಬಲ್ಲವು. ನಿಮ್ಮ ಚೀಟಿಯಲ್ಲಿರುವ ಹಿಂದಿನ ಅಚ್ಚಿನ ಮಿತಿ ಇದಕ್ಕಿಂತ ಕಡಿಮೆಯಿದ್ದರೆ, ಕಾರಿನ ವರ್ಗದ ಚಳಿಗಾಲದ ಟೈರು ನಿಮ್ಮ ಕೆಲಸಕ್ಕೆ ಸಾಕು.

ಸಾಕು ಎನ್ನುವುದಷ್ಟೇ ಅಲ್ಲ, ಬಹುಪಾಲು ದಿನ ಅದೇ ಮೇಲು. ‘ಇ’ ಶ್ರೇಣಿಯ ಟೈರಿನ ಪಕ್ಕಗಳು ಬಿಗಿಯಾಗಿರುತ್ತವೆ, ಟೈರೇ ಭಾರವಾಗಿರುತ್ತದೆ, ರಬ್ಬರ್ ಮಿಶ್ರಣವನ್ನು ಸಾಮಾನ್ಯವಾಗಿ ಬಾಳಿಕೆಯ ಕಡೆಗೆ ಒಲಿಸಿರುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡುವುದು ಗಾಡಿಯ ಮೇಲೆ ತಕ್ಕ ಹೊರೆ ಇದ್ದಾಗ. ಖಾಲಿ ಪಿಕಪ್ಪಿನ ಹಿಂಭಾಗ ಹೇಗೂ ಹಗುರ. ಅದರ ಕೆಳಗೆ ಬಿಗಿಯಾದ, ಗಾಳಿ ತುಂಬಿ ಉಬ್ಬಿದ ಟೈರಿದ್ದರೆ ರಬ್ಬರ್ ನೆಲಕ್ಕೆ ಸರಿಯಾಗಿ ಒರಗುವುದಿಲ್ಲ. ಹಾಗೆಂದು ಗಾಳಿಯನ್ನು ಕಾರಿನ ವರ್ಗದ ಟೈರಿನ ಮಟ್ಟಕ್ಕೆ ಇಳಿಸಲೂ ಆಗದು, ಏಕೆಂದರೆ ಅದೇ ಹೊರೆಯನ್ನು ಹೊರಲು ಎಲ್‌ಟಿ ಟೈರಿಗೆ ಹೆಚ್ಚು ಗಾಳಿ ಬೇಕು. ಎಲ್‌ಟಿ ಹಾಕಿಸಿದವರು ತಯಾರಕರ ಭಾರ–ಒತ್ತಡ ಕೋಷ್ಟಕವನ್ನು ನೋಡಿಯೇ ಗಾಳಿ ತುಂಬಬೇಕು. ಬಾಗಿಲಿನ ಚೀಟಿಯ 35 ಪಿಎಸ್‌ಐ ಅದಕ್ಕೆ ಹೊಂದುವುದಿಲ್ಲ, ಟೈರಿನ ಪಕ್ಕದಲ್ಲಿ ಬರೆದ 80 ಪಿಎಸ್‌ಐ ಕೂಡ ದಿನನಿತ್ಯ ತುಂಬಬೇಕಾದ ಪ್ರಮಾಣವಲ್ಲ.

ಎಲ್‌ಟಿ ಯಾರಿಗೆ? ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500ರಂಥ ಮುಕ್ಕಾಲು ಟನ್ನಿನ (ಇದು ವರ್ಗದ ಹೆಸರಷ್ಟೇ, ಹೊರುವ ಮಿತಿಯಲ್ಲ) ಗಾಡಿಗಳಿಗೆ ಅದು ಕಡ್ಡಾಯವೆಂದೇ ತಿಳಿಯಿರಿ. ಕಾರ್ಖಾನೆಯಿಂದ ಎಲ್‌ಟಿಯೊಂದಿಗೆ ಬಂದ ಗಾಡಿಗೆ ಕಾರಿನ ವರ್ಗದ ಟೈರನ್ನು ಎಂದಿಗೂ ಹಾಕಬಾರದು. ಹಿಮ ದೂಡುವ ಸಲಿಕೆಯನ್ನು ಮುಂದೆ ಕಟ್ಟಿಕೊಳ್ಳುವವರಿಗೆ, ಪ್ರತಿದಿನ ಭಾರವಾದ ಟ್ರೈಲರ್ ಎಳೆಯುವವರಿಗೆ, ತೈಲಬಾವಿಗಳ ಕಲ್ಲುದಾರಿಗಳಲ್ಲಿ ಓಡಾಡುವವರಿಗೂ ಅದೇ ಸರಿ. ಅವರಿಗಾಗಿ ನೋಕಿಯನ್ ಹಕ್ಕಪೆಲಿಟ್ಟ ಎಲ್‌ಟಿ3, ಫೈರ್‌ಸ್ಟೋನ್ ವಿಂಟರ್‌ಫೋರ್ಸ್ ಎಲ್‌ಟಿ, ಜನರಲ್ ಗ್ರ್ಯಾಬರ್ ಆರ್ಕ್ಟಿಕ್ ಎಲ್‌ಟಿಯಂಥವು ಇವೆ. ಅರ್ಧ ಟನ್ನಿನ ವರ್ಗಕ್ಕೆ ಸೇರುವ ನಿಮ್ಮ ಸಿಲ್ವರಾಡೊ 1500ಕ್ಕೆ ಬ್ರಿಜ್‌ಸ್ಟೋನ್ ಬ್ಲಿಝಾಕ್ ಡಿಎಂ-ವಿ2, ಮಿಶೆಲಿನ್ ಎಕ್ಸ್-ಐಸ್ ಸ್ನೋ ಎಸ್‌ಯುವಿ, ನೋಕಿಯನ್ ಹಕ್ಕಪೆಲಿಟ್ಟ ಆರ್5 ಎಸ್‌ಯುವಿ ಇವುಗಳಲ್ಲಿ ಸರಿಯಾದ ಭಾರಸೂಚಿಯಿರುವ ಯಾವುದನ್ನಾದರೂ ಆರಿಸಬಹುದು. ಬ್ಲಿಝಾಕ್ ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು: ಸೂಕ್ಷ್ಮ ರಂಧ್ರಗಳುಳ್ಳ ಅದರ ಹೆಸರಾಂತ ರಬ್ಬರ್ ಟ್ರೆಡ್ಡಿನ ಮೇಲಿನ ಸುಮಾರು ಅರ್ಧದಷ್ಟು ಆಳಕ್ಕೆ ಮಾತ್ರ ಇದೆ, ಅದು ಸವೆದ ಮೇಲೆ ಕೆಳಗಿರುವುದು ಸಾಮಾನ್ಯ ಚಳಿಗಾಲದ ರಬ್ಬರ್.

ಅಂದಹಾಗೆ, ಚಳಿಗಾಲದ ಟೈರಿನ ಇತಿಹಾಸ ಆರಂಭವಾದದ್ದೇ ಟ್ರಕ್ಕುಗಳಿಂದ. ಇಂದು ನೋಕಿಯನ್ ಟೈರ್ಸ್ ಎನಿಸಿಕೊಂಡಿರುವ ಫಿನ್ಲೆಂಡಿನ ಕಂಪನಿ 1934ರಲ್ಲಿ ಹಿಮದ ದಾರಿಗೆಂದು ಮೊದಲು ತಯಾರಿಸಿದ್ದು ಟ್ರಕ್ಕಿನ ಟೈರನ್ನು. ಕಾರಿನ ಟೈರು ಬಂದದ್ದು ಎರಡು ವರ್ಷಗಳ ನಂತರ.

ಪ್ರಶ್ನೆ: ನನ್ನ ಟೊಯೋಟ ಟಕೋಮಾ ಪಿಕಪ್‌ಗೆ ಆಲ್-ಟೆರೇನ್ (ಕಲ್ಲು, ಕೆಸರು ಎಲ್ಲ ದಾರಿಗೂ ಆಗುವ) ಟೈರ್ ಹಾಕಿಸಿದ್ದೇನೆ. ಅದರ ಮೇಲೆ ಬೆಟ್ಟ ಮತ್ತು ಹಿಮದ ಹರಳಿನ ಚಿಹ್ನೆ ಇದೆ. ನೋಡಲು ಟ್ರ್ಯಾಕ್ಟರ್ ಟೈರಿನಂತೆ ಒರಟಾಗಿದೆ. ಇಷ್ಟಿದ್ದ ಮೇಲೆ ಬೇರೆ ಟೈರ್ ಏಕೆ? — ಓದುಗರೊಬ್ಬರು, ಮಿನಿಯಾಪೊಲಿಸ್

ಉತ್ತರ: ಮೇಲೆ ಹೇಳಿದ ಪರೀಕ್ಷೆಯನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಉತ್ತರ ಅಮೆರಿಕದಲ್ಲಿ ಆ ಚಿಹ್ನೆಗಾಗಿ ಅಳೆಯುವುದು ತುಳಿದ ಹಿಮದ ಮೇಲೆ ಮುಂದಕ್ಕೆ ಎಳೆಯುವ ಶಕ್ತಿಯನ್ನು. ಮಂಜುಗಡ್ಡೆಯ ಮೇಲಿನ ಹಿಡಿತ, ಬ್ರೇಕ್ ಒತ್ತಿದಾಗ ನಿಲ್ಲುವ ದೂರ, ತಿರುವಿನಲ್ಲಿ ಜಾರದಿರುವಿಕೆ ಇವು ಆ ಪರೀಕ್ಷೆಯಲ್ಲಿ ಸೇರಿಲ್ಲ. ಬಿಎಫ್ ಗುಡ್‌ರಿಚ್ ಕೆಒ2, ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ3ಡಬ್ಲ್ಯುಗಳಂಥ ಆಲ್-ಟೆರೇನ್ ಟೈರ್‌ಗಳು ಆ ಚಿಹ್ನೆಯನ್ನು ನ್ಯಾಯವಾಗಿಯೇ ಪಡೆದಿವೆ; ಆಳವಾದ ಹೊಸ ಹಿಮದಲ್ಲಿ ಅವುಗಳ ಅಗಲವಾದ ಕಾಲುವೆಗಳು ಚೆನ್ನಾಗಿ ಅಗೆದುಕೊಂಡು ಹೋಗುತ್ತವೆ, ಮತ್ತು ಸಾಮಾನ್ಯ ಆಲ್-ಸೀಸನ್ ಟೈರಿಗಿಂತ ಅವು ಖಂಡಿತ ಮೇಲು.

ಆದರೆ ಒರಟಾದ ನೋಟ ಮಂಜುಗಡ್ಡೆಯ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಆಲ್-ಟೆರೇನ್ ಟೈರಿನ ರಬ್ಬರನ್ನು ಜುಲೈ ತಿಂಗಳ ಬಿಸಿಲಿನಲ್ಲಿ ಚೂಪು ಕಲ್ಲಿನ ಮೇಲೆ ಓಡಿದರೂ ಹರಿಯದಂತೆ ಮಾಡಬೇಕು. ಅದೇ ರಬ್ಬರು ಜನವರಿಯಲ್ಲಿ ಸೊನ್ನೆಯ ಕೆಳಗೆ 20 ಡಿಗ್ರಿಯಲ್ಲಿ ಮೆದುವಾಗಿರಬೇಕು ಎಂದು ನಿರೀಕ್ಷಿಸುವುದು ಅನ್ಯಾಯ. ಅದರ ದೊಡ್ಡ ಕಟ್ಟುಗಳ ನಡುವೆ ಖಾಲಿ ಜಾಗ ಹೆಚ್ಚು, ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ಸೀಳುಗಳೂ ಕಡಿಮೆ. ಹಿಮ ತೆಗೆದ ಮೇಲೆ ಉಳಿದು, ಗಾಡಿಗಳ ಓಡಾಟದಿಂದ ಗಾಜಿನಂತೆ ನುಣುಪಾದ ನಗರದ ಸಿಗ್ನಲ್ಲುಗಳ ಬಳಿ ನೀವು ದಿನವೂ ನಿಲ್ಲಬೇಕಾದವರು. ನನ್ನ ಅಭಿಪ್ರಾಯದಲ್ಲಿ ನಿಮಗೆ ಮೆದು ರಬ್ಬರಿನ ಚಳಿಗಾಲದ ಟೈರೇ ಬೇಕು. ವರ್ಷವಿಡೀ ಜಲ್ಲಿದಾರಿಯಲ್ಲಿ ಓಡಿಸುವ, ಎರಡು ಜೊತೆ ಇಟ್ಟುಕೊಳ್ಳಲು ಜಾಗವಿಲ್ಲದ ಹಳ್ಳಿಯವರಾಗಿದ್ದರೆ ನಿಮ್ಮ ಈಗಿನ ಆಯ್ಕೆಯನ್ನು ಒಪ್ಪುತ್ತಿದ್ದೆ.

ಪ್ರಶ್ನೆ: ಮುಂದಿನ ತಿಂಗಳು ಟೊರಾಂಟೊದಿಂದ ಮಾಂಟ್ರಿಯಲ್‌ಗೆ ಮನೆ ಬದಲಿಸುತ್ತಿದ್ದೇವೆ. ಅಲ್ಲಿ ಚಳಿಗಾಲದ ಟೈರ್ ಕಾನೂನಿನಲ್ಲಿ ಕಡ್ಡಾಯವಂತೆ, ಹೌದೇ?

ಉತ್ತರ: ಹೌದು. ಕ್ವಿಬೆಕ್ ಪ್ರಾಂತದಲ್ಲಿ ನೋಂದಾಯಿಸಿದ ಸ್ವಂತ ಬಳಕೆಯ ವಾಹನಗಳಿಗೆ, ಪಿಕಪ್ ಸೇರಿದಂತೆ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೆಟ್ಟ–ಹಿಮಹರಳಿನ ಚಿಹ್ನೆಯ ಟೈರ್ ಕಡ್ಡಾಯ. ಬರೀ ‘ಎಂ+ಎಸ್’ ಅಲ್ಲಿ ಸಲ್ಲುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ನಿಯಮ ಜಾರಿಗೆ ಬರುತ್ತದೆ. ಹೆಚ್ಚಿನ ಕಡೆ ಏಪ್ರಿಲ್ 30ರವರೆಗೆ ಇರುತ್ತದೆ. ಅಲ್ಲಿ ಎರಡರಲ್ಲಿ ಯಾವ ಗುರುತಿದ್ದರೂ ಆದೀತು, ಟ್ರೆಡ್ಡಿನ ಆಳ ಮಾತ್ರ ಕನಿಷ್ಠ 3.5 ಮಿಲಿಮೀಟರ್ ಇರಬೇಕು. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ ಚಳಿಗಾಲದ ಟೈರ್ ಹಾಕಿಸಿದವರಿಗೆ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮ 2016ರ ಜನವರಿ 1ರಿಂದ ಇದೆ. ಕಾನೂನಿನ ದಿನಾಂಕವನ್ನು ಕೊನೆಯ ಗಡುವು ಎಂದು ತಿಳಿಯಿರಿ. ಹಿಮ ಅದಕ್ಕಾಗಿ ಕಾಯುವುದಿಲ್ಲ, ಪಿಕಪ್ಪಿನ ದೊಡ್ಡ ಅಳತೆಗಳೂ ನವೆಂಬರಿನ ಹೊತ್ತಿಗೆ ಅಂಗಡಿಗಳಲ್ಲಿ ಮುಗಿಯುತ್ತಾ ಬಂದಿರುತ್ತವೆ.

ಪ್ರಶ್ನೆ: ನನ್ನ ಎಫ್-150ರಲ್ಲಿರುವುದು 20 ಇಂಚಿನ ರಿಮ್, 275/55 ಆರ್ 20 ಟೈರ್. ಈ ಅಳತೆಯ ಚಳಿಗಾಲದ ಟೈರ್ ಬಹಳ ದುಬಾರಿ. ಸ್ನೇಹಿತರೊಬ್ಬರು ತಮ್ಮ ಹಳೆಯ ಸಿಲ್ವರಾಡೊದ 17 ಇಂಚಿನ ರಿಮ್‌ಗಳನ್ನು ಕೊಡುತ್ತೇನೆ ಎಂದಿದ್ದಾರೆ. ಹಾಕಿಕೊಳ್ಳಬಹುದೇ? — ಓದುಗರೊಬ್ಬರು, ರಿಜೈನಾ

ಉತ್ತರ: ಚಿಕ್ಕ ರಿಮ್ಮಿಗೆ ಇಳಿಯುವ ಯೋಚನೆ ಚೆನ್ನಾಗಿದೆ, ಆ ರಿಮ್‌ಗಳು ಮಾತ್ರ ನಿಮ್ಮ ಗಾಡಿಗೆ ಕೂರುವುದಿಲ್ಲ. ಎಫ್-150ರಲ್ಲಿ ಆರು ಬೋಲ್ಟುಗಳು 135 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿವೆ, ಸಿಲ್ವರಾಡೊ 1500ರಲ್ಲಿ 139.7 ಮಿಲಿಮೀಟರ್ ವೃತ್ತದಲ್ಲಿ. ಕಣ್ಣಿಗೆ ಎರಡೂ ಒಂದೇ ಎನಿಸಿದರೂ ಕೂರಿಸಲಾಗದು. ಬೋಲ್ಟಿನ ವೃತ್ತ ಒಂದೇ ಇರುವ ಗಾಡಿಗಳ ನಡುವೆ ಕೂಡ ಎಚ್ಚರ ಬೇಕು: ಟಕೋಮಾ ಮತ್ತು ಸಿಲ್ವರಾಡೊ ಎರಡಕ್ಕೂ ವೃತ್ತ 139.7 ಆದರೂ, ರಿಮ್ಮಿನ ನಡುವಿನ ತೂತು 2023ರವರೆಗಿನ ಟಕೋಮಾದಲ್ಲಿ 106.1 ಮಿಲಿಮೀಟರ್, ಸಿಲ್ವರಾಡೊದಲ್ಲಿ 78.1. ಹಳೆಯ ರಿಮ್ ಕೊಳ್ಳುವವರು ಬೋಲ್ಟಿನ ವೃತ್ತ, ನಡುತೂತು, ಆಫ್‌ಸೆಟ್ (ಬೋಲ್ಟು ಕೂರುವ ಮೈ ರಿಮ್ಮಿನ ನಡುಗೆರೆಯಿಂದ ಇರುವ ದೂರ), ರಿಮ್ಮಿನ ಭಾರದ ಮಿತಿ ಈ ನಾಲ್ಕನ್ನೂ ನೋಡಬೇಕು.

ನಿಮ್ಮದೇ ಮಾದರಿ ಮತ್ತು ವರ್ಷದ ಎಫ್-150 ಕಾರ್ಖಾನೆಯಿಂದ 17 ಅಥವಾ 18 ಇಂಚಿನ ರಿಮ್ಮಿನಲ್ಲೂ ಬಂದಿದೆಯೇ ಎಂದು ಮೊದಲು ವಿಚಾರಿಸಿ. ಬಂದಿದ್ದರೆ ಬ್ರೇಕಿನ ಭಾಗಗಳಿಗೆ ತಾಗುವ ಭಯವಿಲ್ಲ. ಆಮೇಲೆ ಟೈರಿನ ಒಟ್ಟು ಎತ್ತರ ಬದಲಾಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ನಿಮ್ಮ ಈಗಿನ ಟೈರಿನ ಎತ್ತರ ಸುಮಾರು 810 ಮಿಲಿಮೀಟರ್. 275/65 ಆರ್ 18 ಸುಮಾರು 815, 265/70 ಆರ್ 17 ಸುಮಾರು 803. ಎರಡೂ ಒಂದು ಶೇಕಡಾದ ಒಳಗೇ ಇವೆ. 265/70 ಆರ್ 17ರ ಭಾರಸೂಚಿ ಸಾಮಾನ್ಯವಾಗಿ 115, ಅಂದರೆ 1,215 ಕಿಲೋ. 20 ಇಂಚಿನ ನಿಮ್ಮ ಟೈರಿನ ಸಾಮಾನ್ಯ ಭಾರಸೂಚಿಯಾದ 113ಕ್ಕಿಂತ, ಅಂದರೆ 1,150 ಕಿಲೋಗಿಂತ, ಕಡಿಮೆಯಾಗುವುದಿಲ್ಲ. ಹೊಸ ಟೈರಿನ ಸೂಚಿ ಮೂಲ ಟೈರಿನದಕ್ಕಿಂತ ಕೆಳಗಿಳಿಯಬಾರದು ಎಂಬುದು ಇಲ್ಲಿ ಮುರಿಯಬಾರದ ನಿಯಮ.

ಹೀಗೆ ಇಳಿದರೆ ಹಣವಷ್ಟೇ ಉಳಿಯುವುದಿಲ್ಲ. ಟೈರಿನ ಪಕ್ಕ ಎತ್ತರವಾಗುತ್ತದೆ, ಹಿಮದಡಿ ಮುಚ್ಚಿಹೋದ ಗುಂಡಿಗೆ ಬಿದ್ದಾಗ ರಿಮ್ ಬಾಗುವುದು ತಪ್ಪುತ್ತದೆ. ಟೈರು ತುಸು ಕಿರಿದಾದಷ್ಟೂ ಹಿಮದ ಮೇಲೆ ತೇಲದೆ ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ತಾಗುತ್ತದೆ. ಅರೆಗರಗಿದ ನೀರುಹಿಮದಲ್ಲಿ ಈ ಗುಣ ಬಹಳ ದೊಡ್ಡದು. ಚಳಿಗಾಲಕ್ಕೆಂದು ಅಗಲವಾದ ಟೈರ್ ಕೊಳ್ಳುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಹೆಚ್ಚು ಹಣ ಕೊಟ್ಟು ಕಡಿಮೆ ಹಿಡಿತವನ್ನು ಮನೆಗೆ ತರುತ್ತಿರುತ್ತಾರೆ.

ಪ್ರಶ್ನೆ: ನಮ್ಮದು ಹಳೆಯ ಟೂ-ವ್ಹೀಲ್ ಡ್ರೈವ್ ಪಿಕಪ್, ಎಂಜಿನ್ ಬಲ ಹಿಂದಿನ ಚಕ್ರಗಳಿಗೆ ಮಾತ್ರ. ಹಿಂದೆ ಎರಡು ಚಳಿಗಾಲದ ಟೈರ್ ಹಾಕಿ, ಮೇಲೆ ಮರಳಿನ ಚೀಲ ಹೇರಿದರೆ ಸಾಲದೇ? ನಾಲ್ಕಕ್ಕೆ ಹಣ ಹೊಂದಿಸುವುದು ಕಷ್ಟವಾಗಿದೆ. — ಓದುಗರೊಬ್ಬರು, ವಿನಿಪೆಗ್

ಉತ್ತರ: ಸಾಲದು. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು. ಬ್ರೇಕಿನ ಹೆಚ್ಚಿನ ಕೆಲಸವೂ ಅವುಗಳದ್ದೇ. ಹಿಂದೆ ಮಾತ್ರ ಒಳ್ಳೆಯ ಟೈರಿದ್ದರೆ ಹೊರಡುವುದು ಸುಲಭವಾಗುತ್ತದೆ, ಆದರೆ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರವಾಗಿ ಹೋಗಿಬಿಡಬಹುದು. ಮುಂದೆ ಮಾತ್ರ ಹಾಕುವುದು ಇನ್ನೂ ಅಪಾಯ: ಹಗುರವಾದ ಹಿಂಭಾಗ ಸೆಳೆದುಕೊಂಡು ಗಾಡಿಯೇ ಸುತ್ತು ಹೊಡೆಯುತ್ತದೆ. ಫೋರ್-ವ್ಹೀಲ್ ಡ್ರೈವ್ ಗಾಡಿಗಳಲ್ಲಂತೂ ಮುಂದೆ ಹಿಂದೆ ಬೇರೆ ಬೇರೆ ಸುತ್ತಳತೆಯ ಟೈರುಗಳಿದ್ದರೆ ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲುಚಕ್ರಗಳ ಮೇಲೆ ಒತ್ತಡ ಬೀಳುತ್ತದೆ.

ಹಣದ ತೊಂದರೆಯನ್ನು ನೀವು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ಮ್ಯಾನಿಟೋಬದ ಸಾರ್ವಜನಿಕ ವಿಮಾ ಸಂಸ್ಥೆ ಚಳಿಗಾಲದ ಟೈರ್ ಕೊಳ್ಳುವವರಿಗೆ ಕಡಿಮೆ ಬಡ್ಡಿಯ ಸಾಲದ ಯೋಜನೆಯನ್ನು ನಡೆಸುತ್ತದೆ. ಟೈರ್ ಅಂಗಡಿಯಲ್ಲಿಯೇ ಅದರ ಅರ್ಜಿಯ ಬಗ್ಗೆ ಕೇಳಿ. ಅದೂ ಆಗದಿದ್ದರೆ ದುಬಾರಿ ಬ್ರ್ಯಾಂಡಿನ ಎರಡಕ್ಕಿಂತ ಸಾಧಾರಣ ಬ್ರ್ಯಾಂಡಿನ ನಾಲ್ಕು ಮೇಲು. ಬಳಸಿದ ಟೈರ್ ಕೊಳ್ಳುವುದಾದರೆ ಟೈರಿನ ಪಕ್ಕದಲ್ಲಿ ‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 3523 ಎಂದಿದ್ದರೆ ಅದು 2023ರ 35ನೆಯ ವಾರದಲ್ಲಿ ತಯಾರಾದದ್ದು. ಟ್ರೆಡ್ 4 ಮಿಲಿಮೀಟರಿಗೆ ಇಳಿದಿದ್ದರೆ ಹಿಮದಲ್ಲಿ ಅದರ ಕೆಲಸ ಮುಗಿಯಿತೆಂದೇ ತಿಳಿದು ಬಿಟ್ಟುಬಿಡಿ.

ಮರಳಿನ ಚೀಲದಿಂದ ನಿಲ್ಲುವ ದೂರ ಕಡಿಮೆಯಾಗದಿದ್ದರೂ, ಹಿಂದಿನ ಚಕ್ರ ಜಾರದೆ ಹೊರಡಲು ನಿಮ್ಮಂಥ ಗಾಡಿಗೆ ನಿಜವಾಗಿಯೂ ಉಪಯೋಗವಿದೆ. ಸುಮಾರು 100ರಿಂದ 150 ಕಿಲೋ ಸಾಕು. ಅದನ್ನು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಇಡಿ. ಹಿಂಬಾಗಿಲಿನ ಹತ್ತಿರ ಇಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಗುರಾಗುತ್ತದೆ. ಚೀಲಗಳನ್ನು ಹಗ್ಗದಿಂದ ಭದ್ರವಾಗಿ ಕಟ್ಟಲೇಬೇಕು, ಅಪಘಾತವಾದರೆ ಅವು ಮುಂದಕ್ಕೆ ಹಾರುತ್ತವೆ. ಎಲ್ಲಾದರೂ ಸಿಕ್ಕಿಕೊಂಡಾಗ ಚಕ್ರದ ಕೆಳಗೆ ಎರಚಲು ಅದೇ ಮರಳು ಒದಗುತ್ತದೆ.

ಪ್ರಶ್ನೆ: ಮೊಳೆ ಹೊಡೆದ ಟೈರ್ ಹಾಕಿಸಿದರೆ ಮಂಜುಗಡ್ಡೆಯ ಚಿಂತೆಯೇ ಇರುವುದಿಲ್ಲವಲ್ಲ? — ಓದುಗರೊಬ್ಬರು, ಆಟವಾ

ಉತ್ತರ: ನೀವು ಹಾಕಿಸುವಂತಿಲ್ಲ. ಒಂಟಾರಿಯೊದಲ್ಲಿ ಮೊಳೆಯ (ಸ್ಟಡ್) ಟೈರ್ ಬಳಸಲು ಅನುಮತಿಯಿರುವುದು ಪ್ರಾಂತದ ಉತ್ತರ ಭಾಗದ ನಿವಾಸಿಗಳಿಗೆ ಮಾತ್ರ. ಆಟವಾ ಅದರಲ್ಲಿ ಸೇರಿಲ್ಲ. ನದಿ ದಾಟಿದರೆ ಸಿಗುವ ಕ್ವಿಬೆಕ್‌ನಲ್ಲಿ ಅಕ್ಟೋಬರ್ 15ರಿಂದ ಮೇ 1ರವರೆಗೆ ಬಳಸಬಹುದು, ಆಲ್ಬರ್ಟದಲ್ಲಿ ನಿರ್ಬಂಧವಿಲ್ಲ. ಒದ್ದೆಯಾದ ಮಂಜುಗಡ್ಡೆಯ ಮೇಲೆ ಮೊಳೆಗೆ ಸಾಟಿಯಿಲ್ಲ ಎಂಬುದು ನಿಜ. ಆದರೆ ಒಣ ಡಾಂಬರಿನ ಮೇಲೆ ಅವು ಸದ್ದು ಮಾಡುತ್ತವೆ, ರಸ್ತೆಯನ್ನು ಕೆರೆಯುತ್ತವೆ, ಅಲ್ಲಿ ಹಿಡಿತವೂ ಕುಗ್ಗುತ್ತದೆ. ನಗರದಲ್ಲೇ ಓಡಿಸುವವರಿಗೆ ಮೊಳೆಯಿಲ್ಲದ ಮೆದು ಟೈರೇ ತಕ್ಕದ್ದು.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಹೊಸ ಟೈರ್ ಹಾಕಿಸಿ ಎರಡು ವಾರವಾಗುವಷ್ಟರಲ್ಲಿ ಗಾಳಿ ಕಡಿಮೆಯಾಗಿದೆ ಎಂಬ ದೀಪ ಹೊತ್ತಿಕೊಂಡಿತು. ಪಂಚರ್ ಇರಲಿಲ್ಲ. ಅಂಗಡಿಯವರು ಸರಿಯಾಗಿ ಗಾಳಿ ತುಂಬಿರಲಿಲ್ಲವೇ? ಹಾಕಿಸಿದ ಮೇಲೆ ಇನ್ನೇನು ಗಮನಿಸಬೇಕು? — ಓದುಗರೊಬ್ಬರು, ಫೋರ್ಟ್ ಮೆಕ್‌ಮರಿ

ಉತ್ತರ: ಅವರು ಸರಿಯಾಗಿಯೇ ತುಂಬಿರಬಹುದು. ಉಷ್ಣಾಂಶ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಬಿಸಿಯಾಗಿಟ್ಟ ಅಂಗಡಿಯೊಳಗೆ 20 ಡಿಗ್ರಿಯಲ್ಲಿ 35 ಪಿಎಸ್‌ಐ ತುಂಬಿದ ಟೈರು ಹೊರಗೆ ಸೊನ್ನೆಗಿಂತ 28 ಡಿಗ್ರಿ ಕೆಳಗೆ ನಿಂತರೆ 26ರ ಹತ್ತಿರಕ್ಕೆ ಬಂದಿರುತ್ತದೆ. ಎಚ್ಚರಿಕೆಯ ದೀಪ ಹೊತ್ತುವುದು ನಿಗದಿತ ಒತ್ತಡದಲ್ಲಿ 25 ಶೇಕಡಾ ಕಡಿಮೆಯಾದಾಗ, ಅಂದರೆ 26ರ ಸುಮಾರಿನಲ್ಲಿ. ಆದ್ದರಿಂದ ಗಾಡಿ ರಾತ್ರಿಯಿಡೀ ಹೊರಗೆ ನಿಂತಿದ್ದ ಬೆಳಗ್ಗೆ, ಓಡಿಸುವ ಮೊದಲು, ಚೀಟಿಯಲ್ಲಿರುವಷ್ಟು ಗಾಳಿಯನ್ನು ಸ್ವಂತ ಮಾಪಕದಿಂದ ಅಳೆದು ತುಂಬಿ. ತಿಂಗಳಿಗೊಮ್ಮೆ ಪುನಃ ನೋಡಿ. ಸ್ಟೆಪ್ನಿಯನ್ನು ಮರೆಯಬೇಡಿ. ಪಿಕಪ್ಪಿನಲ್ಲಿ ಅದು ಗಾಡಿಯ ಅಡಿಯಲ್ಲಿ ತೂಗಾಡುವುದರಿಂದ ಅದನ್ನು ಇಳಿಸುವ ಸರಪಳಿಯೋ ತಂತಿಯೋ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನ ನೀರಿಗೆ ತುಕ್ಕು ಹಿಡಿದು ಬೇಕಾದ ಹೊತ್ತಿಗೆ ಬಿಚ್ಚದಿರುವುದುಂಟು. ಚಳಿಗೆ ಮುನ್ನ ಒಮ್ಮೆ ಇಳಿಸಿ ಏರಿಸಿ ನೋಡಿಕೊಳ್ಳಿ.

ಚಕ್ರ ಬದಲಿಸಿದ ಮೇಲೆ ಮೊದಲ 100 ಕಿಲೋಮೀಟರ್ ಆದಾಗ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರಿನಿಂದ) ಮತ್ತೆ ಪರೀಕ್ಷಿಸಬೇಕು. ಇಂದಿನ ಎಫ್-150ಕ್ಕೆ 150 ಪೌಂಡ್-ಅಡಿ, ಅಂದರೆ ಸುಮಾರು 204 ನ್ಯೂಟನ್-ಮೀಟರ್ ಬಿಗಿ ಬೇಕು; ನಿಮ್ಮ ಗಾಡಿಯದು ಕೈಪಿಡಿಯಲ್ಲಿರುತ್ತದೆ. ಕೆಲವು ಚಳಿಗಾಲದ ಟೈರುಗಳು ಒಂದೇ ದಿಕ್ಕಿಗೆ ಉರುಳುವಂಥವು. ಪಕ್ಕದ ಬಾಣದ ಗುರುತು ಗಾಡಿ ಮುಂದೆ ಸಾಗುವಾಗ ಚಕ್ರ ತಿರುಗುವ ಕಡೆಗೇ ಇದೆಯೇ ಎಂದು ಅಂಗಡಿಯಿಂದ ಹೊರಡುವ ಮೊದಲೇ ನೋಡಿ.

ಬಿಚ್ಚುವ ಕಾಲದ ಬಗ್ಗೆಯೂ ಕೆಲವರು ಕೇಳಿದ್ದಾರೆ. ಹಗಲಿನ ಉಷ್ಣಾಂಶ ಏಳು ಡಿಗ್ರಿಗಿಂತ ಮೇಲೆ ಸ್ಥಿರವಾದ ಮೇಲೆ ತೆಗೆಯಿರಿ; ಮೆದು ರಬ್ಬರ್ ಬೆಚ್ಚಗಿನ ಒಣ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಬಾಗಿ ತೂಗಾಡುತ್ತದೆ. ತೆಗೆಯುವಾಗ ಯಾವ ಟೈರು ಯಾವ ಮೂಲೆಯದು ಎಂದು ಸೀಮೆಸುಣ್ಣದಿಂದ ಬರೆದು, ಉಪ್ಪು ತೊಳೆದು ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ಬೀಳದ ತಂಪಾದ ಜಾಗದಲ್ಲಿ ಇಡಿ. ರಿಮ್ ಸಹಿತ ಇದ್ದರೆ ಒಂದರ ಮೇಲೊಂದು ಪೇರಿಸಬಹುದು, ರಿಮ್ ಇಲ್ಲದಿದ್ದರೆ ನಿಲ್ಲಿಸಿಡಬೇಕು. ಬೆಸುಗೆ ಯಂತ್ರ ಅಥವಾ ವಿದ್ಯುತ್ ಮೋಟಾರ್ ಓಡುವ ಕೋಣೆ ಬೇಡ. ಅವುಗಳಿಂದ ಹೊರಡುವ ಓಝೋನ್ ರಬ್ಬರನ್ನು ಬಿರಿಯಿಸುತ್ತದೆ.